ಕೂತು ತಿಂದ ತೆಳ್ಳೇವು

ಯಾರೂ ತಿನ್ನುವ ಸಾಮಾನು ತರಕೂಡದು. ಇದು ನಾನು ಮಾಡಿದ ಕಾನೂನು. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳಿಗೆ ಕಾನೂನು ಮಾಡುವುದೆಂದರೆ ಎಲೆಯಡಿಕೆಯ ಕವಳ ಹಾಕಿದಷ್ಟೇ ಸಲೀಸು. ಅದನ್ನು ಯಾರೂ ಪಾಲಿಸದಿದ್ದಾಗ ಸಿಟ್ಟು ಬರುವುದೂ ಅಷ್ಟೇ ಸಲೀಸು.

ನಾವು ನಾಲ್ವರು ಶಾಲೆಯಲ್ಲಿ ಒಂದೇ ಬೆಂಚಿನವರು. ನಮ್ಮ ಕಡೆ ಮದುವೆಯಾದ ಹೆಂಗಸಿನ ಹೆಸರು ಮೆಲ್ಲಗೆ ಮೂಲೆ ಸೇರಿ, ಕೊಟ್ಟ ಊರೇ ಹೆಸರಾಗುತ್ತದೆ. ಹಾಗಾಗಿ ಒಬ್ಬಳು ಹುಲಗೋಳ, ಒಬ್ಬಳು ಬಿಳಗಿ, ಇನ್ನೊಬ್ಬಳು ಸೋಂದಾ. ನಾನು ಶಿರಸಿ ಪೇಟೆಯಲ್ಲೇ ಉಳಿದವಳು. ನನ್ನನ್ನು ಮಾತ್ರ ಊರಿನಿಂದ ಕರೆಯದೆ ‘ಟೀಚರು’ ಎನ್ನುತ್ತಾರೆ, ಅದೂ ಹೊಗಳುವ ದನಿಯಲ್ಲಲ್ಲ.

ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿದು ಹೆಂಗಸರಿಗೆ ಸ್ವಲ್ಪ ಉಸಿರು ಬಿಡಲು ಪುರುಸೊತ್ತು ಸಿಕ್ಕಿತ್ತು. ನನ್ನ ಮಗಳು ಫೋನಿನಲ್ಲೇ ಒತ್ತಿ ಒತ್ತಿ, ಯಲ್ಲಾಪುರದ ಹತ್ತಿರ ಕಾಡಿನಂಚಿಗೆ ಒಂದು ಮರದ ಕ್ಯಾಬಿನ್ ಗೊತ್ತು ಮಾಡಿಕೊಟ್ಟಳು. ಶನಿವಾರ ಹೋಗುವುದು, ಭಾನುವಾರ ಸಂಜೆ ವಾಪಸು. ಗಂಡಂದಿರಿಲ್ಲ, ಮಕ್ಕಳಿಲ್ಲ, ಅಡುಗೆಯಿಲ್ಲ. ‘ಅಮ್ಮಾ, ಅಲ್ಲಿ ಏನೂ ಮಾಡದೇ ಇರೋದೇ ಕೆಲಸ’ ಎಂದಳು. ಆ ಕೆಲಸವನ್ನು ನಮ್ಮ ನಾಲ್ವರಿಗೂ ಯಾರೂ ಕಲಿಸಿರಲಿಲ್ಲ.

ಕಾರು ನನ್ನದು, ಓಡಿಸುವವಳೂ ನಾನೇ. ಡ್ರೈವಿಂಗ್ ಕಲಿತದ್ದು ತಲೆ ನರೆತ ಮೇಲೆ. ಬಿಳಗಿ ಬಸ್ಸಿನಲ್ಲಿ ಶಿರಸಿಗೆ ಬಂದಳು, ಹುಲಗೋಳವನ್ನು ಅವಳ ಮನೆಯ ಬಾಗಿಲಿನಿಂದ ಹತ್ತಿಸಿಕೊಂಡೆವು, ಸೋಂದಾ ಕ್ರಾಸಿನಲ್ಲಿ ಕಾಯುತ್ತಿದ್ದ ಸೋಂದಾ ಹತ್ತಿದೊಡನೆ ಸೀಟ್ ಬೆಲ್ಟಿಗೆ ಕೈಹಾಕುವ ಮೊದಲು ಕಣ್ಣು ಮುಚ್ಚಿ ಕೈ ಮುಗಿದಳು. ನಾನು ನೋಡಿಯೂ ನೋಡದ ಹಾಗೆ ಗೇರು ಹಾಕಿದೆ.

ದಾರಿಯಲ್ಲಿ ಬಿಳಗಿ ಒಂದು ಆಟ ತೆಗೆದಳು. ಈ ಎರಡು ದಿನದಲ್ಲಿ ಯಾರಿಗೆ ಏನು ಬೇಕು, ಒಂದೇ ಒಂದು ಹೇಳಬೇಕು. ಅವಳಿಗೆ ಬಿಸಿಲು ಮೈಮೇಲೆ ಬರುವವರೆಗೆ ನಿದ್ದೆ ಬೇಕಂತೆ. ಸೋಂದಾಗೆ ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂರಬೇಕಂತೆ. ‘ಎಂಗೆ ಎರಡು ದಿನ ಯಾರೂ ಎದ್ದು ನಿಂತು ನಮಸ್ತೆ ಹೇಳದಿದ್ರೆ ಸಾಕು’ ಎಂದೆ ನಾನು. ಹುಲಗೋಳ ಮಾತ್ರ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಕಾಡಿದೆವು, ಚಿವುಟಿದೆವು. ಕಡೆಗೆ ಬಾಯಿಬಿಟ್ಟಳು.

‘ಎಂಗೆ ತೆಳ್ಳೇವು ತಿನ್ನವು.’

ಕಾರು ಅಲುಗುವಷ್ಟು ನಕ್ಕೆವು. ತೆಳ್ಳೇವು ತಿನ್ನಬೇಕಂತೆ, ಅದಕ್ಕೆ ಯಲ್ಲಾಪುರದ ಕಾಡಿಗೆ ಹೋಗಬೇಕೆ!

‘ಹಂಗಲ್ದೆ. ಕೂತ್ಕಂಡು ತಿನ್ನವು. ಕಾವಲಿಯಿಂದ ಎದ್ದದ್ದು ಸೀದಾ ಎನ್ನ ಬಾಳೆಲೆಗೆ ಬೀಳವು. ಆನು ಸಾಕು ಹೇಳವರೆಗೂ ಬೀಳ್ತಾ ಇರವು.’

ನಗು ಅಲ್ಲಿಗೇ ನಿಂತಿತು. ತೆಳ್ಳೇವೆಂದರೆ ನಮ್ಮ ಕಡೆಯ ತೆಳು ದೋಸೆ. ಅಕ್ಕಿ, ಸೌತೆಕಾಯಿ ರುಬ್ಬಿದ ನೀರಾದ ಹಿಟ್ಟನ್ನು ಕಾದ ಕಾವಲಿಯ ಮೇಲೆ ಕೈಯಲ್ಲೇ ಸವರುತ್ತೇವೆ. ಎದ್ದ ಕ್ಷಣವೇ ಜೋನಿಬೆಲ್ಲ, ತುಪ್ಪ ಹಚ್ಚಿಕೊಂಡು ಬಾಯಿಗೆ ಹೋಗಬೇಕು. ತಣಿದರೆ ಅದು ಒದ್ದೆ ಬಟ್ಟೆ. ಅದಕ್ಕೇ ಮನೆಮಂದಿಯೆಲ್ಲ ಸಾಲಾಗಿ ಕೂರುತ್ತಾರೆ, ಒಬ್ಬಳು ಎರೆಯುತ್ತಾಳೆ. ಎಲ್ಲರೂ ಡರ್ರನೆ ತೇಗಿ ಎದ್ದ ಮೇಲೆ ಎರೆದವಳು ತನಗೆಂದು ಎರಡು ಎರೆದುಕೊಂಡು, ಒಲೆ ತಣಿಸಿ, ಕಾವಲಿ ಎತ್ತಿಟ್ಟು ಕೂರುವಷ್ಟರಲ್ಲಿ ಅವಳ ಪಾಲಿಗೆ ಒದ್ದೆ ಬಟ್ಟೆಯೇ. ಹುಲಗೋಳ ತುಂಬಿದ ಮನೆಗೆ ಹಿರಿಸೊಸೆಯಾಗಿ ಹೋದವಳು. ಮದುವೆಯಾದಾಗಿನಿಂದ ಆ ಮನೆಯಲ್ಲಿ ಎರೆಯುವವಳು ಅವಳೇ.

‘ಅಷ್ಟೇ ಸೈಯಾ? ಆತು ಬಿಡು. ಎಂಗ ಮೂರು ಜನ ಇದ್ಯ. ಎರೆದು ಹಾಕ್ತ್ಯ’ ಎಂದಳು ಸೋಂದಾ. ನಾನೂ ಸ್ಟೇರಿಂಗ್ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ನನ್ನದೇ ಕಾನೂನಿನ ಪ್ರಕಾರ ಕಾರಿನಲ್ಲಿ ಒಂದು ಕಾಳು ಅಕ್ಕಿಯೂ ಇರಕೂಡದು ಎಂಬುದು ಆಗ ಯಾರಿಗೂ ನೆನಪಾಗಲಿಲ್ಲ.

ಕ್ಯಾಬಿನ್ ನೋಡಲು ಚೆಂದವೇ ಇತ್ತು. ಮರದ ಗೋಡೆ, ಮುಂದೆ ಹಲಗೆ ಹಾಸಿದ ಜಗಲಿ, ಎದುರಿಗೆ ತಗ್ಗಿನಲ್ಲಿ ಸಣ್ಣ ಹೊಳೆ. ನೋಡಿಕೊಳ್ಳುವವನು ಮೂಡಲ ಸೀಮೆಯ ಮನುಷ್ಯ. ‘ಬರ್ರಿ ಬರ್ರಿ ಅಕ್ಕಾರ’ ಎಂದು ನಮ್ಮ ಚೀಲ ಎತ್ತಿದವನು ಹುಲಗೋಳದ ಚೀಲ ಎತ್ತುವಾಗ ‘ಯವ್ವಾ’ ಎಂದು ಮತ್ತೆ ಕೆಳಗಿಟ್ಟ. ‘ಇದರಾಗೇನ್ರಿ, ಕಲ್ಲು ಹೊತ್ತು ತಂದೀರೇನು?’

ಒಳಗೆ ಹೋದರೆ ಮಂಚದ ಮೇಲೆ ಮಂಚ, ಹತ್ತಲು ಏಣಿ. ನಾಲ್ಕು ಜನರ ಎಂಟು ಮಂಡಿಗಳಲ್ಲಿ ಏಣಿ ಹತ್ತುವ ಜೋಡಿ ಒಂದೂ ಇರಲಿಲ್ಲ. ಜಗಳವಾಡಿ, ಚೀಟಿ ಎತ್ತಿ, ಕಡೆಗೆ ಮೇಲಿನ ಹಾಸಿಗೆಗಳನ್ನೂ ಕೆಳಗೆ ಎಳೆದುಕೊಂಡು ಶ್ರಾದ್ಧದ ಮನೆಯಲ್ಲಿ ಮಲಗುವ ಹಾಗೆ ಸಾಲಾಗಿ ಹಾಸಿದೆವು. ಬಚ್ಚಲಿನ ಒಂದು ಗೋಡೆ ಪೂರಾ ಗಾಜು, ಕಾಡು ನೋಡುತ್ತ ಮೀಯಲಿಕ್ಕಂತೆ. ‘ಕಾಡು ಎನ್ನ ನೋಡೂದು ಬೇಡ’ ಎಂದು ಬಿಳಗಿ ಅದಕ್ಕೆ ಸೀರೆ ಕಟ್ಟಿದಳು.

ಆಮೇಲೆ ಚೀಲಗಳು ಬಿಚ್ಚಿಕೊಂಡವು. ಬಿಳಗಿಯ ಚೀಲದಿಂದ ಚಕ್ಕುಲಿ, ಹಲಸಿನ ಹಪ್ಪಳ, ಅವಲಕ್ಕಿ. ‘ಇದು ತಿನ್ನೂ ಸಾಮಾನಲ್ದೆ, ಬಾಯಾಡೂಲೆ.’ ಸೋಂದಾ ತಂದದ್ದು ಜೋನಿಬೆಲ್ಲದ ಬಾಟಲಿ, ತುಪ್ಪದ ಕರಡಿಗೆ, ಮಿಡಿ ಉಪ್ಪಿನಕಾಯಿ. ಅದು ಔಷಧವಂತೆ. ನಾನು ಸಿಟ್ಟಿನಿಂದ ಏನೋ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಬಿಳಗಿ ನನ್ನ ಚೀಲದೊಳಗೆ ಕೈಹಾಕಿ ಕೋಡುಬಳೆ ಡಬ್ಬಿಯನ್ನು ಎಳೆದಳು. ನ್ಯಾಯದ ಪ್ರಕಾರ ಬಾಯಿ ಮುಚ್ಚಿಕೊಂಡೆ.

ಕಡೆಗೆ ಹುಲಗೋಳ. ಮೇಲಿನಿಂದ ಎರಡು ಸೀರೆ ತೆಗೆದಳು. ಅದರಡಿ ಹಿಟ್ಟು ತುಂಬಿದ ದೊಡ್ಡ ಸ್ಟೀಲಿನ ಕ್ಯಾನು. ಅದರಡಿ, ಹಳೆಯ ಪಂಚೆಯಲ್ಲಿ ಸುತ್ತಿಕೊಂಡು, ಅವಳ ಮನೆಯ ಬೀಡುಕಬ್ಬಿಣದ ಕಾವಲಿ.

‘ಕಾವಲಿ ಹೊತ್ಕಂಡು ಬೈಂದ್ಯಲೆ!’ ಎಂದಳು ಬಿಳಗಿ.

‘ಬೇರೆ ಕಾವಲೀಲಿ ಏಳ್ತಿಲ್ಲೆ’ ಎಂದಳು ತಣ್ಣಗೆ. ಆಸೆಯನ್ನು ಅವಳು ಕಾರಿನಲ್ಲಿ ಹೇಳಿದ್ದಷ್ಟೇ, ತಯಾರಿ ಮನೆಯಲ್ಲೇ ಮಾಡಿಕೊಂಡಿದ್ದಳು. ಯಾರೋ ಎರೆದು ಹಾಕುತ್ತಾರೆಂದು ನಂಬಿ ತನ್ನ ಕಾವಲಿಯನ್ನು ತಾನೇ ಹೊತ್ತು ತಂದಿದ್ದಳು ಮಾರಾಯ್ತಿ.

ಮಧ್ಯಾಹ್ನ ಕ್ಯಾಬಿನ್ ನೋಡಿಕೊಳ್ಳುವವನು ಹಾಕಿದ ಅನ್ನ ಸಾರು ಉಂಡು ಏನೂ ಮಾಡದ ಕೆಲಸ ಶುರುಮಾಡಿದೆವು. ಸೋಂದಾ ಹೊಳೆಯಲ್ಲಿ ಕಾಲು ಇಳಿಬಿಟ್ಟಳು. ಮೀನು ಕಚ್ಚಿತೆಂದು ಎತ್ತಿದಳು, ಕಚ್ಚಲಿ ಎಂದು ಮತ್ತೆ ಇಳಿಬಿಟ್ಟಳು. ಬಿಳಗಿ ಎರಡು ಮರಕ್ಕೆ ಕಟ್ಟಿದ್ದ ಬಲೆಯ ಜೋಕಾಲಿಯಲ್ಲಿ ಮಲಗಿದಳು. ಹತ್ತುವುದು ಸುಲಭವಿತ್ತು, ಇಳಿಯುವುದು ಆಗಲಿಲ್ಲ. ಎಳೆದರೆ ಬಲೆ ತಿರುಗಿ ಅವಳ ಮುಖ ಕೆಳಗಾಗುತ್ತದೆ. ಮೂವರೂ ನಕ್ಕು ಕೈಯಲ್ಲಿ ಬಲ ಇಲ್ಲದಾಗಿ ಅವಳನ್ನು ಅಲ್ಲೇ ಬಿಟ್ಟೆವು. ‘ಹಾಂಗಾರೆ ಆನು ಇಲ್ಲೇ ಮಲಗ್ತೆ’ ಎಂದವಳು ನಿಜಕ್ಕೂ ಗೊರಕೆ ಹೊಡೆದಳು.

ಫೋನಿಗೆ ಸಿಗ್ನಲ್ ಸಿಗುವುದು ಗೇಟಿನ ಹತ್ತಿರದ ಒಂದು ಬಂಡೆಯ ಮೇಲೆ ಮಾತ್ರ. ಹುಲಗೋಳ ‘ಒಂದು ಸಲ ಮನೆಗೆ ಫೋನು ಮಾಡಿಬಿಡ್ತೆ’ ಎಂದು ಬಂಡೆ ಹತ್ತಿದಳು. ಅವಳು ಕಿವಿಗೆ ಒತ್ತಿ ಹಿಡಿದು ಮಾತಾಡಿದರೂ ಆ ಕಡೆಯ ಮಾತು ನಮಗೆಲ್ಲ ಕೇಳುತ್ತಿತ್ತು. ಅವಳ ಗಂಡನ ದನಿ ಹಾಗಿದೆ.

‘ಕಾವಲಿ ಎಲ್ಲಿದ್ದು? ಬೆಳಗಿಂದ ಹುಡುಕ್ತಾ ಇದ್ಯ. ಕಾಣ್ತಿಲ್ಲೆ.’

ನಾವು ಉಸಿರು ಬಿಗಿಹಿಡಿದು ನೋಡಿದೆವು. ಅವಳು ತಲೆ ತುರಿಸಿಕೊಂಡಳು. ಆಮೇಲೆ ಅತ್ಯಂತ ಮೃದುವಾಗಿ, ‘ಮೆತ್ತಲ್ಲಿ ನೋಡಿದ್ರಾ?’ ಎಂದಳು. ಮೆತ್ತೆಂದರೆ ಮಾಳಿಗೆ. ಹಳೆ ತೊಟ್ಟಿಲು, ಒಡೆದ ಕುರ್ಚಿ, ಹಂಡೆಗಳೆಲ್ಲ ಅಲ್ಲಿರುತ್ತವೆ. ಅಲ್ಲಿ ಹುಡುಕಲು ಹತ್ತಿದವರು ಬೇಗ ಇಳಿಯುವುದಿಲ್ಲ. ‘ಸರಿ’ ಎಂದಿತು ಆ ಕಡೆ. ಇವಳು ಫೋನಿಟ್ಟು ಬಂಡೆಯಿಂದ ಇಳಿಯುವಾಗ ಮುಖದಲ್ಲಿ ಇದ್ದ ನಗು ನಾನು ಎಂಟನೇ ಕ್ಲಾಸಿನಲ್ಲಿ ನೋಡಿದ್ದು, ಆಮೇಲೆ ನೋಡಿರಲಿಲ್ಲ.

ಸಂಜೆಗೆ ತೆಳ್ಳೇವು ಎಂದು ತೀರ್ಮಾನವಾಯಿತು. ಅಡುಗೆಮನೆಗೆ ಹೋದರೆ ಆ ಮನುಷ್ಯ ಬಾಗಿಲಿಗೆ ಅಡ್ಡ ನಿಂತ. ‘ಗ್ಯಾಸಿನ ಹತ್ರ ಗೆಸ್ಟ್ ಮಂದಿನ್ನ ಬಿಡಬಾರ್ದು ಅಂದಾರ್ರಿ ಮಾಲಕರು. ಹೊರಗ ಬೆಂಕಿ ಹಾಕಿಕೊಡ್ತೀನಿ, ಕುಣೀರಿ.’

ಕುಣಿಯಲೆಂದು ಅವನು ಹಾಕಿಕೊಟ್ಟ ಬೆಂಕಿಗೆ ನಾವು ಮೂರು ಕಲ್ಲು ಇಟ್ಟು ಕಾವಲಿ ಏರಿಸಿದೆವು. ಅವನು ದೂರ ನಿಂತು ನೋಡಿದ. ಇಷ್ಟು ವರ್ಷದಲ್ಲಿ ಆ ಬೆಂಕಿಯಲ್ಲಿ ಯಾರೂ ಹೀಗೆ ಮಾಡಿರಲಿಕ್ಕಿಲ್ಲ. ಹುಲಗೋಳವನ್ನು ಕುರ್ಚಿಯಲ್ಲಿ ಕೂರಿಸಿ, ತೊಡೆಯ ಮೇಲೆ ತಟ್ಟೆ ಇಟ್ಟು, ತಟ್ಟೆಯಲ್ಲಿ ಬೆಲ್ಲ ತುಪ್ಪ ಬಡಿಸಿ, ಮದುಮಗಳಂತೆ ತಯಾರು ಮಾಡಿದೆವು. ಬಿಳಗಿ ಮೊದಲನೆಯದು ಎರೆದಳು. ಹರಿದು ಚೂರಾಯಿತು. ‘ಮೊದಲ್ನೇದು ಕಾವಲಿಗೆ’ ಎಂದು ನಾವೆಲ್ಲ ಒಟ್ಟಿಗೆ ಹೇಳಿದೆವು. ನಮ್ಮಲ್ಲಿ ಹಾಗೇ ಹೇಳುವುದು. ಎರಡನೆಯದೂ ಹರಿಯಿತು. ಸೋಂದಾ ಎರೆದದ್ದು ಒಂದು ಕಡೆ ಹಪ್ಪಳ, ಒಂದು ಕಡೆ ಗಂಜಿ. ನಾನು ಕೈ ಹಾಕಿ ಬೆರಳು ಸುಟ್ಟುಕೊಂಡು, ಉರಿ ಸರಿಯಿಲ್ಲವೆಂದು ಬೆಂಕಿಗೆ ಬೈದೆ.

‘ಕೊಡೆ ಇಲ್ಲಿ, ಒಂದು ತೋರ್ಸಿಕೊಡ್ತೆ’ ಎಂದಳು ಹುಲಗೋಳ.

ಒಂದೇ ಒಂದು ತೋರಿಸಲು ಎದ್ದಳು. ಎರಡು ಕೊಳ್ಳಿ ಹಿಂದಕ್ಕೆ ಎಳೆದು, ಬಾಳೆದಿಂಡಿನ ತುಂಡಿನಿಂದ ಎಣ್ಣೆ ಸವರಿ, ಹಿಟ್ಟಿಗೆ ಕೈ ಅದ್ದಿ ಒಂದು ಸುತ್ತು ತಿರುಗಿಸಿದಳು. ಕಾಗದದಂಥ ತೆಳ್ಳೇವು ತಾನಾಗಿ ಅಂಚು ಬಿಟ್ಟು ಎದ್ದಿತು. ಅದರ ವಾಸನೆ ಮೂಗಿಗೆ ಬಡಿದದ್ದಷ್ಟೇ ನನಗೆ ನೆನಪು. ಅದು ಯಾರ ತಟ್ಟೆಗೆ ಬಿತ್ತೋ, ಮುಂದಿನದು ಯಾರದಕ್ಕೆ ಬಿತ್ತೋ, ನಾವು ಮೂವರು ಯಾವಾಗ ಕುರ್ಚಿ ಎಳೆದುಕೊಂಡು ಸಾಲಾಗಿ ಕೂತೆವೋ ಗೊತ್ತಿಲ್ಲ. ‘ಇನ್ನೊಂದು ಹಾಕ್ಲಾ?’ ಎಂದಳು ಅವಳು. ‘ಸಾಕು ಸಾಕು’ ಎಂದೆವು ನಾವು. ನಮ್ಮಲ್ಲಿ ಮೊದಲ ‘ಸಾಕು’ ಯಾರ ಲೆಕ್ಕಕ್ಕೂ ಇಲ್ಲ, ಅದು ಬರೀ ಮರ್ಯಾದೆ. ಅವಳು ಹಾಕಿದಳು, ನಾವು ತಿಂದೆವು. ಜೋನಿಬೆಲ್ಲ ಎಷ್ಟು ಒಳ್ಳೆಯದಿದೆ ಎಂದು ಹೊಗಳಿದೆವು, ಸೋಂದಾ ಅದು ಎಲ್ಲಿಂದ ತಂದದ್ದೆಂದು ಕತೆ ಹೇಳಿದಳು. ಹೊಟ್ಟೆ ತುಂಬಿ ಕೈ ತೊಳೆಯಲು ಎದ್ದ ಬಿಳಗಿ ನಿಂತಲ್ಲೇ ನಿಂತು, ‘ಏ... ಇದರದ್ದು ತಿಂದಾತನೇ?’ ಎಂದು ಹುಲಗೋಳದ ಕಡೆ ಬೆರಳು ತೋರಿಸಿದಳು.

ಹುಲಗೋಳ ಹೊಗೆಗೆ ಕೆಂಪಾದ ಕಣ್ಣು ಒರೆಸಿಕೊಳ್ಳುತ್ತ ಬೆಂಕಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಅವಳ ಪಕ್ಕದ ತಟ್ಟೆಯಲ್ಲಿ ಎರಡು ತೆಳ್ಳೇವು ತಣಿದು ಮಲಗಿದ್ದವು.

ನಮ್ಮ ಮುಖ ನೋಡಿ ಮೊದಲು ನಕ್ಕವಳು ಅವಳೇ. ನಾವೂ ನಕ್ಕೆವು, ಆದರೆ ನನಗೆ ನನ್ನ ಮೇಲೆಯೇ ಸಿಟ್ಟು ಉಕ್ಕಿತು. ಗಂಡಸರನ್ನು ಬೈಯಲು ನಾಲಗೆ ಮಸೆದುಕೊಂಡಿದ್ದೆ, ನೋಡಿದರೆ ಕೂತು ತಿಂದ ಸಾಲಿನಲ್ಲಿ ಒಬ್ಬ ಗಂಡಸೂ ಇರಲಿಲ್ಲ. ‘ಎಂತಾ ಆಗ್ತಿಲ್ಲೆ ಬಿಡೆ, ಹೊಟ್ಟೆ ತುಂಬಿತು’ ಎಂದು ಅವಳು ಆ ಒದ್ದೆ ಬಟ್ಟೆಯನ್ನೇ ಮಡಚಿ ತಿಂದಳು. ಉಳಿದ ಹಿಟ್ಟು ಕ್ಯಾಬಿನ್ ನೋಡಿಕೊಳ್ಳುವವನ ಫ್ರಿಜ್ಜು ಸೇರಿತು.

ಮರುದಿನ ಬೆಳಿಗ್ಗೆ ಅವಳು ಮೀಯಲು ಹೋದಾಗ ನಾವು ಮೂವರು ಜಗಲಿಯಲ್ಲಿ ಸಭೆ ಸೇರಿದೆವು. ಅವಳನ್ನು ಕುರ್ಚಿಗೆ ಕಟ್ಟಿಹಾಕೋಣ ಎಂಬುದು ನನ್ನ ಸಲಹೆ. ‘ಕಟ್ಟಿದ್ರೂ ಕುರ್ಚಿ ಹೊತ್ಕಂಡೇ ಬತ್ತು ಅದು’ ಎಂದಳು ಬಿಳಗಿ. ಸಮಸ್ಯೆ ಅವಳ ಕಾಲಲ್ಲ, ಕೈ. ಹಿಟ್ಟು ಕಂಡರೆ ಆ ಕೈ ಸುಮ್ಮನಿರುವುದಿಲ್ಲ. ಆಗ ಗೇಟಿನ ಕಡೆ ನೋಡುತ್ತಿದ್ದ ಸೋಂದಾ, ‘ಆ ಬೇಲಿ ಮದರಂಗಿದಲ್ದನೇ?’ ಎಂದಳು.

ಮದರಂಗಿಯದೇ. ಮಡಿಲು ತುಂಬ ಎಲೆ ಕೊಯ್ದು, ನಿಂಬೆರಸ, ಚಾದ ಡಿಕಾಕ್ಷನ್ ಹಾಕಿ ರುಬ್ಬಿಸಿಕೊಂಡೆವು. ‘ಇದು ಚಟ್ನಿ ಜಾರ್ ಅಲ್ರೀ ಅಕ್ಕಾರ!’ ಎಂದು ಆ ಮನುಷ್ಯ ಗೋಳಾಡಿದ. ಅವನ ಮುಂದಿನ ಗೆಸ್ಟುಗಳು ಯಾವ ಬಣ್ಣದ ಚಟ್ನಿ ತಿಂದರೋ ದೇವರೇ ಬಲ್ಲ.

ಮದರಂಗಿ ಎಂದೊಡನೆ ಹುಲಗೋಳ ಹುಡುಗಿಯಾದಳು. ಎರಡೂ ಕೈ ಚಾಚಿ ಕೂತಳು. ಬಿಳಗಿ ಒಂದು ಕೈ, ಸೋಂದಾ ಒಂದು ಕೈ, ಅಂಗೈಗೆ ಚಂದ್ರ, ಬೆರಳಿಗೆಲ್ಲ ಟೊಪ್ಪಿ, ಮಣಿಕಟ್ಟಿನವರೆಗೂ ದಪ್ಪಗೆ ಮೆತ್ತಿದರು. ‘ಮದುವೇಲಿ ಹಚ್ಚಿದ್ದೇ ಕಡೆ’ ಎಂದು ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ನಾನು ಅಷ್ಟರಲ್ಲಿ ಬೆಂಕಿ ಮಾಡಿ ಕಾವಲಿ ಏರಿಸಿಯಾಗಿತ್ತು. ಹಿಟ್ಟಿನ ಕ್ಯಾನು ಹೊರಗೆ ಬಂದದ್ದು ಕಂಡಾಗ ಅವಳಿಗೆ ಗೊತ್ತಾಯಿತು.

‘ಅಯ್ಯೋ ಕಳ್ಳಿಯರಾ! ಮೊದಲೇ ಹೇಳೂಲಾಗ್ತಿತ್ತಿಲ್ಯಾ? ಆನು ಒಂದೇ ಕೈಗೆ ಹಚ್ಕತ್ತಿದ್ದೆ!’

ಅದಕ್ಕೇ ಹೇಳಿರಲಿಲ್ಲ. ಅವಳು ಎರಡೂ ಕೈಯನ್ನು ಗಾಳಿಯಲ್ಲಿ ಎತ್ತಿಕೊಂಡು ಕೂತು ಬಾಯಿಯಲ್ಲೇ ಅಡುಗೆ ಮಾಡಿದಳು. ಉರಿ ಸಣ್ಣ ಮಾಡು, ಕೈ ಹಗುರ ಬಿಡು, ಅಲ್ಲಲ್ಲ ಇತ್ಲಾಗೆ, ಈಗ ಎಬ್ಸು, ಈಗ! ಮೊದಲನೆಯದು ಕಾವಲಿಗೆ ಹೋಯಿತು. ಎರಡನೆಯದರ ಒಂದಂಚು ಹರಿದರೂ ಎದ್ದಿತು. ಅದನ್ನು ಬೆಲ್ಲ ತುಪ್ಪಕ್ಕೆ ಅದ್ದಿ ಹಿಡಿದು ನಿಂತಾಗ ನಮಗೆ ಇನ್ನೊಂದು ವಿಷಯ ಹೊಳೆಯಿತು. ಎರೆಯಲು ಕೈಯಿಲ್ಲದವಳಿಗೆ ತಿನ್ನಲೂ ಕೈಯಿಲ್ಲ.

ಸೋಂದಾ ಅವಳ ಬಾಯಿಗೆ ಹಾಕಿದಳು.

ಹೊಗೆಯಾಡುವ ತುತ್ತು. ಹಾ ಹಾ ಎಂದು ಬಾಯಿ ತೆರೆದು ಊದಿಕೊಂಡಳು, ಗಲ್ಲದ ಮೇಲೆ ತುಪ್ಪ ಇಳಿಯಿತು. ಬಿಳಗಿ ಸೆರಗಿನಿಂದ ಒರೆಸಿದಳು. ಹುಲಗೋಳ ಅಗಿಯುತ್ತ ಅಗಿಯುತ್ತ ಸೋಂದಾಳ ಕೈಯನ್ನೇ ನೋಡಿದಳು. ‘ಮದರಂಗಿ ಹಚ್ಚಿದಾಗ ಆಯಿ ಹೀಂಗೇ ತಿನ್ಸಿತ್ತು. ಆಮೇಲೆ ಯಾರೂ ತಿನ್ಸಿದ್ವಿಲ್ಲೆ’ ಎಂದಳು. ಕಣ್ಣಲ್ಲಿ ನೀರು. ಒರೆಸಿಕೊಳ್ಳಲೂ ಕೈಯಿಲ್ಲ. ಬಿಳಗಿಯ ಸೆರಗಿಗೆ ಮತ್ತೆ ಕೆಲಸ ಬಿತ್ತು. ನಾನು ಹೊಗೆಯ ನೆಪದಲ್ಲಿ ನನ್ನ ಕಣ್ಣು ಉಜ್ಜಿಕೊಂಡೆ. ಅಳು ಬಂದದ್ದು ಹೊಗೆಯಿಂದಲ್ಲ, ಸುಳ್ಳೇಕೆ.

‘ಇನ್ನೊಂದು?’ ಎಂದೆ.

ಮರ್ಯಾದೆಯ ‘ಸಾಕು’ ಬರುತ್ತದೆಂದು ಕಾದೆ. ಬರಲಿಲ್ಲ. ಬಾಯಿ ತೆರೆದಳು. ಸೋಂದಾ ಒಂದು ಎರೆದರೆ ಬಿಳಗಿ ತಿನಿಸಿದಳು, ಬಿಳಗಿ ಎರೆದರೆ ನಾನು. ಹರಿದದ್ದು, ಸುಟ್ಟದ್ದು, ಸರಿಯಾದದ್ದು ಎಲ್ಲ ಅವಳ ಬಾಯಿಗೇ ಹೋಯಿತು. ಹಿಟ್ಟು ತಳ ಕಂಡಿತು. ಕ್ಯಾನು ಬಗ್ಗಿಸಿ, ನೀರು ತಾಗಿಸಿ, ಅಂಗೈಯಗಲದ್ದೊಂದು ಎರೆದು ತಿನಿಸಿ, ‘ಮುಗತ್ತು’ ಎಂದು ಕ್ಯಾನು ಬೋರಲು ಹಾಕಿ ತೋರಿಸಿದೆ.

‘ಆನು ಸಾಕು ಹೇಳಿದ್ನಿಲ್ಲೆ’ ಎಂದಳು ಹುಲಗೋಳ.

ನಾವು ಮೂವರು ಬೆಳಿಗ್ಗೆ ತಿಂದದ್ದು ಆ ಮನುಷ್ಯನ ಬ್ರೆಡ್ ಟೋಸ್ಟು. ಜಾಮ್ ಹಚ್ಚಿ ಕೊಟ್ಟ. ಆ ದಿನ ಅದೂ ರುಚಿಯೆನಿಸಿತು.

ಸಂಜೆ ವಾಪಸು ಬರುವಾಗ ಸೋಂದಾ ಕ್ರಾಸಿನಲ್ಲಿ ಸೋಂದಾ ಇಳಿದು, ಬದುಕಿ ಬಂದದ್ದಕ್ಕೆ ಮತ್ತೊಮ್ಮೆ ಕೈ ಮುಗಿದಳು. ಹಿಂದಿನ ಸೀಟಿನಲ್ಲಿ ಹುಲಗೋಳ ಎರಡೂ ಕೈಯನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ಕೂತಿದ್ದಳು. ಮದರಂಗಿ ಮಧ್ಯಾಹ್ನವೇ ಒಣಗಿತ್ತು. ಊಟದ ಹೊತ್ತಿಗೂ ಅವಳು ತೊಳೆದುಕೊಂಡಿರಲಿಲ್ಲ, ಅನ್ನವನ್ನೂ ನಮ್ಮ ಕೈಯಿಂದಲೇ ತಿಂದಿದ್ದಳು. ಈಗ ಸೀಟಿನ ಮೇಲೆಲ್ಲ ಹುಡಿ ಉದುರುತ್ತಿತ್ತು.

‘ಇನ್ನಾರೂ ತೊಳ್ಕಳೆ’ ಎಂದೆ. ಸೀಟು ನನ್ನದು ತಾನೆ.

‘ಇರ್ಲಿ. ಮನೆ ಮುಟ್ಟವರೆಗೆ ಇರ್ಲಿ.’

ಅವಳ ಮನೆಯ ಬೇಲಿಬಾಗಿಲ ದಣಪೆಯ ಹತ್ತಿರ ಕಾರು ನಿಲ್ಲಿಸುವಾಗ ಅವಳ ಗಂಡ, ನಮ್ಮೆಲ್ಲರ ಭಾವ, ಅಂಗಳದಲ್ಲೇ ನಿಂತಿದ್ದರು. ಭಾವನ ತಲೆಯ ಮೇಲೆ ಜೇಡರ ಬಲೆ, ಅಂಗಿಯ ತುಂಬ ಧೂಳು. ಹಿಂದೆ ಜಗಲಿಯಲ್ಲಿ ಹಳೆ ತೊಟ್ಟಿಲು, ಒಡೆದ ಕುರ್ಚಿ, ಹಂಡೆ ಎಲ್ಲ ಸಾಲಾಗಿ ಕೂತಿದ್ದವು.

‘ಬಂದ್ಯ? ಮೆತ್ತು ಪೂರಾ ಹುಡುಕ್ಯಾತು, ಕಾವಲಿ ಸಿಕ್ಕಿದ್ದಿಲ್ಲೆ. ಅವಲಕ್ಕಿ ತಿಂದು ಎಲ್ಲರ ಬಾಯೂ ಸತ್ತು ಹೋಜು. ಇವತ್ತಾರೂ ತೆಳ್ಳೇವು ಎರೆಯೆ.’

ಹುಲಗೋಳ ಕಾರಿನಿಂದ ಇಳಿದು ಎರಡೂ ಅಂಗೈಯನ್ನು ಅವರ ಮುಖದ ಮುಂದೆ ಹಿಡಿದಳು.

‘ಎಂಗೆ ಇವತ್ತು ಕೈ ಇಲ್ಲೆ’ ಎಂದಳು.

ಭಾವ ಆ ಕೈ ನೋಡಿದರು, ಅವಳ ಮುಖ ನೋಡಿದರು, ನನ್ನ ಕಡೆ ತಿರುಗಿದರು. ನಾನು ಅಷ್ಟರಲ್ಲಿ ಡಿಕ್ಕಿ ತೆರೆದು ಪಂಚೆ ಬಿಚ್ಚಿ ಕಾವಲಿಯನ್ನು ಎತ್ತಿಕೊಂಡಿದ್ದೆ. ‘ತಗಳಿ ಭಾವ’ ಎಂದು ಅವರ ಕೈಗೆ ಇಟ್ಟೆ. ಹಿಡಿದ ಕೈ ಒಮ್ಮೆಲೇ ಕೆಳಗೆ ಜಗ್ಗಿತು.

‘ಇದು ಇಷ್ಟು ಭಾರ ಇದ್ದಾ!’ ಎಂದರು.

ಹುಲಗೋಳ ಅವರ ಪಕ್ಕದಿಂದ ಹಾದು, ಜಗಲಿ ಹತ್ತಿ, ಮೆತ್ತಿನಿಂದ ಇಳಿದ ಕುರ್ಚಿಗಳಲ್ಲಿ ಕಾಲು ಸರಿಯಿದ್ದ ಒಂದನ್ನು ಆರಿಸಿಕೊಂಡು ಕೂತಳು. ಕೈಯನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡಳು.

‘ಆನು ಅಕ್ಕಿ ನಿನ್ನೆ ಬೆಳಿಗ್ಗೆನೇ ರುಬ್ಬಿ ಫ್ರಿಜ್ಜಲ್ಲಿ ಇಟ್ಟಿದ್ದಿ. ಮೊದಲ್ನೇದು ಹರಿದು ಹೋಗ್ತು, ಅದು ಕಾವಲಿಗೆ’ ಎಂದಳು ಗಂಡನಿಗೆ. ‘ಎರಡನೇದು ಎಂಗೆ.’